ಆಪ್ತ ಸಲಹೆ: ಊಟದ ಮೇಜಿನಲ್ಲಿ ನಾನೂ ನಕ್ಕೆ

ಪ್ರಶ್ನೆ: ನಾನು ಬದಿಯಡ್ಕ ಸಮೀಪದವನು, ಕಾಸರಗೋಡು ಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಹತ್ತನೆಯ ತರಗತಿಯವರೆಗೆ ನನ್ನೊಡನೆ ಕನ್ನಡ ಮಾಧ್ಯಮದಲ್ಲಿ ಓದಿದ ಗೆಳೆಯ ಕಳೆದ ವರ್ಷ ಅದೇ ಕಚೇರಿಗೆ ಬಂದ. ಅವನ ಮಲಯಾಳ ಇನ್ನೂ ಸಲೀಸಾಗಿಲ್ಲ. ಹಣ್ಣಿಗೆ ‘ಪೞಂ’ ಎನ್ನಬೇಕಾದಲ್ಲಿ ‘ಪಳಂ’ ಎನ್ನುತ್ತಾನೆ. ಮಧ್ಯಾಹ್ನದ ಊಟಕ್ಕೆ ಕುಳಿತಾಗ ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ಅಣಕಿಸುವುದು, ಎಲ್ಲರೂ ನಗುವುದು ವಾಡಿಕೆಯಾಯಿತು. ಒಬ್ಬ ಮಹಿಳೆ ಮಾತ್ರ ತಲೆ ತಗ್ಗಿಸಿ ಉಣ್ಣುತ್ತಿರುತ್ತಾರೆ. ನಾನೂ ನಗುತ್ತಿದ್ದೆ, ಒಂದು ದಿನ ನಾನೇ ಅಣಕಿಸಿದೆ. ಅವನು ಅರ್ಧ ಉಂಡ ಬುತ್ತಿಯನ್ನು ಮುಚ್ಚಿ ಎದ್ದು ಹೋದ. ಈಗ ತನ್ನ ಮೇಜಿನಲ್ಲೇ ಉಣ್ಣುತ್ತಾನೆ, ಸಂಜೆಯ ಬಸ್ಸಿನಲ್ಲಿ ಬೇರೆ ಸೀಟು ಹಿಡಿಯುತ್ತಾನೆ. ಅವನಿಗೆ ಜಂಬ ಎಂದು ಉಳಿದವರು ಹೇಳುತ್ತಾರೆ. ಊರಿನ ತಾಳಮದ್ದಳೆಯಲ್ಲಿ ಯಾರ ಎದುರೂ ತಗ್ಗದೆ ವಾದಿಸುವ ನನಗೆ ಇಲ್ಲಿ ಬಾಯಿ ಬರಲಿಲ್ಲವೇಕೆ? ‘ನೀವು ಊರಿಗೊಂದು, ಆಫೀಸಿಗೊಂದು’ ಎನ್ನುತ್ತಾಳೆ ಹೆಂಡತಿ. ಇವರಿಬ್ಬರಲ್ಲಿ ನಿಜವಾದ ನಾನು ಯಾರು? ವರ್ಗಾವಣೆ ಕೇಳಲೇ?

ಉತ್ತರ: ಪ್ರಿಯ ಓದುಗರೇ, ಇಬ್ಬರೂ ನೀವೇ. ಮನುಷ್ಯನ ನಡವಳಿಕೆಯು ಅವನ ಸ್ವಭಾವ ಮತ್ತು ಅವನು ನಿಂತಿರುವ ಸನ್ನಿವೇಶ ಇವೆರಡೂ ಸೇರಿ ಹುಟ್ಟುವಂಥದ್ದು ಎಂದು ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ 1936ರಷ್ಟು ಹಿಂದೆಯೇ ಹೇಳಿದ್ದರು. ತಾಳಮದ್ದಳೆಯಲ್ಲಿ ಎದುರು ಕುಳಿತ ಅರ್ಥಧಾರಿಯ ಮಾತನ್ನು ಖಂಡಿಸುವುದೇ ನಿಮ್ಮ ಕೆಲಸ. ಸಭೆ ಅದನ್ನೇ ಕಾಯುತ್ತಿರುತ್ತದೆ, ಉತ್ತರ ಕೊಡದೆ ಸುಮ್ಮನಾದರೆ ಅಲ್ಲಿ ಮರ್ಯಾದೆ ಹೋಗುತ್ತದೆ. ಊಟದ ಮೇಜಿನಲ್ಲಿ ಇದು ತಿರುವುಮುರುವು. ಅಲ್ಲಿ ನಕ್ಕವನು ಒಳಗಿನವ, ನಗದವನು ಹೊರಗಿನವ. ಅದರ ಮೇಲೆ, ನೀವೂ ಅದೇ ಕನ್ನಡ ಶಾಲೆಯಿಂದ ಬಂದವರು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಂದಿನಿಂದ ಮನೆಯ ಮತ್ತು ಶಾಲೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು ಎಂಬ ಸ್ಥಿತಿಯಲ್ಲಿ ಬದುಕಿದ ನಮ್ಮವರಿಗೆ, ಮುಂದಿನ ಸರದಿ ತನ್ನದೇ ಆಗಬಹುದೆಂಬ ಅಂಜಿಕೆ ಹೊಸದಲ್ಲ. ನೀವು ಉಳಿದವರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಅಣಕಿಸಿದ್ದರ ಹಿಂದೆ ಆ ಅಂಜಿಕೆ ಇತ್ತೆಂದೇ ನಾನು ತಿಳಿಯುತ್ತೇನೆ. ಆದರೆ ಕಾರಣ ತಿಳಿದ ಮಾತ್ರಕ್ಕೆ ನೋವು ಕಡಿಮೆಯಾಗುವುದಿಲ್ಲ. ಗೆಳೆಯನಿಗಾದ ನೋವಿನ ಹೊಣೆ ನಿಮ್ಮದೇ.

ಇಲ್ಲಿ ಒಂದು ಪ್ರಯೋಗದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು 1950ರ ದಶಕದ ಆರಂಭದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ, ಒಂದು ಗೆರೆಯನ್ನು ತೋರಿಸಿ, ಇನ್ನೊಂದು ಹಲಗೆಯ ಮೂರು ಗೆರೆಗಳಲ್ಲಿ ಯಾವುದು ಅದರಷ್ಟೇ ಉದ್ದವಿದೆ ಎಂದು ಕೇಳಿದರು. ಒಬ್ಬನೇ ಇದ್ದಾಗ ತಪ್ಪುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅಷ್ಟು ಸುಲಭದ ಪ್ರಶ್ನೆ. ಆದರೆ ಮೊದಲೇ ಮಾತು ಮಾಡಿಕೊಂಡಿದ್ದ ಉಳಿದವರೆಲ್ಲರೂ ಒಂದೇ ತಪ್ಪು ಉತ್ತರವನ್ನು ಗಟ್ಟಿಯಾಗಿ ಹೇಳಿದಾಗ, ಏನೂ ಅರಿಯದ ಆ ಒಬ್ಬ ವಿದ್ಯಾರ್ಥಿ ಕಣ್ಣೆದುರಿನ ಗೆರೆಯನ್ನು ಬಿಟ್ಟು ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಅವರ ಉತ್ತರವನ್ನೇ ಹೇಳಿದ. ಹೀಗೆ ಪರೀಕ್ಷೆಗೊಳಗಾದ ವಿದ್ಯಾರ್ಥಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ಒಮ್ಮೆಯೂ ಬಗ್ಗಲಿಲ್ಲ ಎಂಬುದನ್ನೂ ಮರೆಯಬಾರದು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ನಿಮಗೆ ಬೇಕಾದದ್ದು ಇದರ ಮುಂದಿನ ಭಾಗ: ಹಾಗೆ ಜೊತೆಗಿದ್ದವನು ನಡುವೆಯೇ ಪಕ್ಷ ಬದಲಿಸಿ ಗುಂಪಿನ ಕಡೆಗೆ ಹೋದಾಗ, ಉಳಿದ ಒಬ್ಬಂಟಿಯ ಧೈರ್ಯ ತಟ್ಟನೆ ಕುಸಿದು, ತಪ್ಪುಗಳು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೇ ಏರಿದವು.

ನಿಮ್ಮ ಗೆಳೆಯ ಅಷ್ಟು ದಿನ ಆ ನಗುವನ್ನು ಸಹಿಸಿ ಅದೇ ಮೇಜಿನಲ್ಲಿ ಉಂಡದ್ದು ನೀವು ಅಲ್ಲಿದ್ದುದರಿಂದ ಇರಬಹುದು. ನೀವು ನಗುವಾಗಲೂ ಆತ ‘ಇವನು ನಮ್ಮವನು, ಬಾಯಿ ತಪ್ಪಿ ನಕ್ಕ’ ಎಂದುಕೊಂಡಿರಬಹುದು. ಆ ದಿನ ಬುತ್ತಿ ಮುಚ್ಚಿದ್ದು ಹಿರಿಯರ ಅಣಕಕ್ಕಲ್ಲ, ನಿಮ್ಮದಕ್ಕೆ. ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ, ಆದರೆ ನಿಮ್ಮಿಂದ ಮುಚ್ಚಿಡಲಾರೆ. ಏಕೆಂದರೆ ನಿಮ್ಮ ನಗೆಗೆ ಅಷ್ಟು ತೂಕವಿದ್ದರೆ, ನೀವು ಮತ್ತೆ ಜೊತೆಗೆ ನಿಲ್ಲುವುದಕ್ಕೂ ಅಷ್ಟೇ ತೂಕವಿದೆ.

ಅವನಿಗೆ ಜಂಬ ಎಂಬ ಮಾತನ್ನು ನಂಬಬೇಡಿ. ಪರರ ನಡತೆಗೆ ಅವರ ಗುಣವೇ ಕಾರಣವೆಂದು ತೀರ್ಮಾನಿಸಿ, ಅವರು ಸಿಕ್ಕಿಕೊಂಡ ಸನ್ನಿವೇಶವನ್ನು ಕಾಣದೆ ಹೋಗುವ ಈ ಅಭ್ಯಾಸವನ್ನು ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ನಮ್ಮ ಅತಿ ಮೂಲಭೂತ ತಪ್ಪೆಂದು ಕರೆದರು. ಒಬ್ಬನನ್ನು ಮೇಜಿನಿಂದ ಎಬ್ಬಿಸಿದವರೇ ಅವನು ಬಂದು ಕೂರುವುದಿಲ್ಲವೆಂದು ದೂರುತ್ತಿದ್ದಾರೆ. ಅದೇ ನ್ಯಾಯವನ್ನು ಆ ಸಹೋದ್ಯೋಗಿಗಳಿಗೂ ತೋರಿಸಿ: ನಕ್ಕವರೆಲ್ಲರೂ ಕನ್ನಡದವರನ್ನು ಹಗೆಯುವವರಲ್ಲ. ಉಳಿದವರಿಗೆ ಇದು ತಮಾಷೆಯಾಗಿ ಕಾಣುತ್ತದೆಂದು ಪ್ರತಿಯೊಬ್ಬರೂ ಭಾವಿಸಿ ನಕ್ಕಿರುವ ಸಾಧ್ಯತೆ ಬಹಳವಿದೆ. ತಲೆ ತಗ್ಗಿಸಿ ಉಣ್ಣುವ ಆ ಮಹಿಳೆಗೆ ಅದು ತಮಾಷೆಯಲ್ಲವೆಂಬುದಂತೂ ಕಾಣುತ್ತಲೇ ಇದೆ.

ಮೊದಲು ಗೆಳೆಯನ ಬಳಿ ಹೋಗಿ. ಬಸ್ಸಿನ ಗದ್ದಲದಲ್ಲಿ ಬೇಡ, ಕಚೇರಿಯ ಜಗಲಿಯಲ್ಲೂ ಬೇಡ. ರಜೆಯ ದಿನ ಅವನ ಮನೆಗೇ ಹೋಗಿ. ‘ಆ ದಿನ ಎಲ್ಲರೆದುರು ನಿನ್ನ ಮಾತನ್ನು ಅಣಕಿಸಿದೆ, ಅದು ತಪ್ಪು’ ಎಂದು ನಡೆದದ್ದನ್ನೇ ಹೆಸರಿಸಿ ಹೇಳಿ. ‘ತಮಾಷೆಗೆ ಮಾಡಿದ್ದು’, ‘ಎಲ್ಲರೂ ನಗುತ್ತಿದ್ದರಲ್ಲ’ ಎಂಬ ಮಾತುಗಳು ಬಾಯಿಗೆ ಬಂದೇ ಬರುತ್ತವೆ, ತಡೆದುಕೊಳ್ಳಿ. ಸನ್ನಿವೇಶದ ಬಗ್ಗೆ ನಾನು ಇಲ್ಲಿ ಬರೆದದ್ದನ್ನೂ ಅಲ್ಲಿ ಒಪ್ಪಿಸಬೇಡಿ, ಅವನ ಕಿವಿಗೆ ಅದು ನೆಪವಾಗಿಯೇ ಕೇಳಿಸುತ್ತದೆ. ಅವನು ಏನೂ ಹೇಳದಿದ್ದರೆ ಒತ್ತಾಯಿಸದೆ ಎದ್ದು ಬನ್ನಿ.

ಆ ಹಿರಿಯರನ್ನು ಕಾಣುವುದಿದ್ದರೆ ಒಬ್ಬರೇ ಇರುವಾಗ ಕಾಣಿ. ನಗಿಸಬೇಕಾದ ಸಭೆ ಎದುರಿಲ್ಲದಿದ್ದರೆ ಎಷ್ಟೋ ಮಂದಿ ಮೆತ್ತಗಾಗುತ್ತಾರೆ. ಆ ಮಹಿಳೆಯೊಡನೆಯೂ ಮಾತನಾಡಿ. ಮತ್ತೆ ಅಣಕ ಶುರುವಾದರೆ ಭಾಷಣ ಬೇಕಿಲ್ಲ. ‘ಇದು ಬೇಡ, ನಾನೂ ಅದೇ ಶಾಲೆಯವನು, ಮೊದಮೊದಲು ನಾನೂ ಹೀಗೆಯೇ ಮಾತನಾಡುತ್ತಿದ್ದೆ’ ಎಂದು ನಿಮ್ಮ ಸಲೀಸಾದ ಮಲಯಾಳದಲ್ಲೇ ಹೇಳಿ, ಊಟ ಮುಂದುವರಿಸಿ. ಆಗಲೂ ನಿಲ್ಲದಿದ್ದರೆ ಮೇಲಧಿಕಾರಿಗೆ ತಿಳಿಸುವುದು ಸರಿಯೇ, ಆದರೆ ಗೆಳೆಯನ ಒಪ್ಪಿಗೆಯಿಲ್ಲದೆ ಬೇಡ. ಅವನ ಹೆಸರಿನಲ್ಲಿ ಅವನಿಗೆ ಗೊತ್ತಿಲ್ಲದ ದೂರು ಹೋದರೆ ಅದು ಇನ್ನೊಂದು ಪೆಟ್ಟಾಗುತ್ತದೆ.

ವರ್ಗಾವಣೆಯ ಅರ್ಜಿಯನ್ನು ಸದ್ಯಕ್ಕೆ ಬರೆಯಬೇಡಿ. ಹೊಸ ಕಚೇರಿಯಲ್ಲೂ ಊಟದ ಮೇಜು ಇರುತ್ತದೆ, ಅಲ್ಲಿಯೂ ಯಾರೋ ಒಬ್ಬರ ಮಾತು ನಗೆಗೀಡಾಗಬಹುದು. ಇಲ್ಲಿ ನಿಮ್ಮ ಗೆಳೆಯನಾದರೋ ನೀವು ಹೋದ ಮೇಲೆ ಪೂರ್ತಿ ಒಬ್ಬಂಟಿಯಾಗುತ್ತಾನೆ.