ಕೊನೆ ಗೊತ್ತಿದ್ದರೂ ರಾತ್ರಿ ಎರಡು ಗಂಟೆವರೆಗೆ ಓದಿದೆ

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನನಗೆ 34 ವರ್ಷ. ಹೊಸನಗರದ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಹೋದ ತಿಂಗಳು ನಮ್ಮ ಅಕ್ಕನ ಮಗಳು ಬೆಂಗಳೂರಿನಿಂದ ಬಂದಿದ್ದವಳು ಒಂದು ಇಂಗ್ಲಿಷ್ ಕಾದಂಬರಿ ಇಲ್ಲೇ ಬಿಟ್ಟು ಹೋದಳು. ಹದಿಹರೆಯದವರಿಗಾಗಿ ಬರೆದ ಪ್ರೇಮಕಥೆ, 'ಬ್ಯೂಟಿ ಅಂಡ್ ದಿ ಬೀಸ್ಟ್' ಕಥೆಯನ್ನೇ ಹೊಸದಾಗಿ ಹೇಳಿದ್ದು. ಜೋರು ಮಳೆ, ಎರಡು ದಿನ ಕರೆಂಟ್ ಇರಲಿಲ್ಲ. ಸುಮ್ನೆ ಕೈಗೆ ತಗೊಂಡವಳು ಟಾರ್ಚ್ ಬೆಳಕಲ್ಲಿ ರಾತ್ರಿ ಎರಡು ಗಂಟೆವರೆಗೆ ಓದಿ ಮುಗಿಸಿದೆ. ಮೃಗ ಕೊನೆಗೆ ರಾಜಕುಮಾರ ಆಗುತ್ತಾನೆ ಅಂತ ಮೊದಲ ಪುಟದಲ್ಲೇ ಗೊತ್ತಿತ್ತು, ಆದರೂ ಕಣ್ಣೀರು ಬಂತು. ನಮ್ಮನೆಯವರು "ಮಕ್ಕಳ ಕಥೆ ಓದಿ ಅಳ್ತೀಯಲ್ಲ" ಎಂದರು. ಅವತ್ತಿನಿಂದ ಒಂಥರಾ ನಾಚಿಕೆ. ಈ ವಯಸ್ಸಿನಲ್ಲಿ ಇಂಥದ್ದು ಇಷ್ಟವಾಗೋದು ತಪ್ಪಾ?
— ಹೆಸರು ಬೇಡ ಎಂದವರು, ಹೊಸನಗರ ತಾಲ್ಲೂಕು

ಉತ್ತರ: ಖಂಡಿತ ತಪ್ಪಲ್ಲ ತಂಗಿ. ಇನ್ನೊಂದು ಮಾತು. ಅದು ಮಕ್ಕಳ ಕಥೆ ಅನ್ನೋದೇ ಸರಿಯಲ್ಲ. ಅಪ್ಪ ಮಗಳಿಗಾಗಿ ಮೃಗದ ತೋಟದಲ್ಲಿ ಒಂದು ಗುಲಾಬಿ ಕೀಳುತ್ತಾನೆ, ಅದಕ್ಕೆ ಬದಲಾಗಿ ಮಗಳು ಆ ಮೃಗದ ಅರಮನೆಗೆ ಹೋಗಿ ಇರಬೇಕಾಗುತ್ತದೆ, ಇದೇ ಅಲ್ವಾ ಕಥೆ?

ಈ ಕಥೆಯನ್ನು 1740ರಲ್ಲಿ ಬರೆದವರು ವಿಲ್‌ನೆವ್ ಎಂಬ ಫ್ರೆಂಚ್ ಹೆಂಗಸು. ಅದು ಉದ್ದದ ಕಥೆ, ದೊಡ್ಡವರಿಗಾಗಿಯೇ ಬರೆದದ್ದು. ಸಮುದ್ರದಲ್ಲಿ ದೂರ ಹೊರಟ ಹಡಗಿನ ಜನ ಹೊತ್ತು ಹೋಗಲಿ ಅಂತ ಹೇಳಿಕೊಳ್ಳುವ ಕಥೆಗಳಲ್ಲಿ ಇದೂ ಒಂದು. ಹದಿನಾರು ವರ್ಷ ಕಳೆದ ಮೇಲೆ, 1756ರಲ್ಲಿ, ಬೋಮೋಂ ಎಂಬ ಇನ್ನೊಬ್ಬರು ಇದನ್ನು ಚಿಕ್ಕದು ಮಾಡಿದರು. ಅವರು ಇಂಗ್ಲೆಂಡಿನಲ್ಲಿ ಮನೆಪಾಠ ಹೇಳುತ್ತಿದ್ದ ಟೀಚರ್. ತಮ್ಮ ಹತ್ತಿರ ಓದುವಂಥ ಹುಡುಗಿಯರಿಗೆ ಹೊಂದುವ ಹಾಗೆ ತಿದ್ದಿದರು. ಮೊದಲಿನ ಕಥೆಯಲ್ಲಿ ಮೃಗ ಪ್ರತಿ ರಾತ್ರಿ ಕೇಳುವ ಪ್ರಶ್ನೆ ಹುಡುಗಿಯರ ಪಾಠಕ್ಕೆ ತರುವಂಥದ್ದಲ್ಲ. ಅದನ್ನು "ನನ್ನನ್ನು ಮದುವೆಯಾಗ್ತೀಯಾ" ಅಂತ ಮಾಡಿದವರು ಇವರೇ. ನಮಗೆಲ್ಲ ಗೊತ್ತಿರುವುದು ಈ ಚಿಕ್ಕ ಕಥೆ. ಅಂದರೆ ದೊಡ್ಡವರ ಕಥೆ ಮಕ್ಕಳ ಹತ್ತಿರ ಹೋಗಿತ್ತು, ಈಗ ನಿಮ್ಮ ಅಕ್ಕನ ಮಗಳ ಬ್ಯಾಗಿನಲ್ಲಿ ಕೂತು ವಾಪಸ್ ನಿಮ್ಮ ಹತ್ತಿರ ಬಂದಿದೆ, ಅಷ್ಟೇ.

ಕೊನೆ ಗೊತ್ತಿದ್ದೂ ಯಾಕೆ ಓದಿದೆ ಅಂತ ನಿಮಗೇ ಆಶ್ಚರ್ಯ ಆಗಿದೆ, ಅಲ್ವಾ? ನಿಮ್ಮೂರಿನ ಗದ್ದೆ ಬಯಲಲ್ಲಿ ಯಕ್ಷಗಾನದ ಆಟ ನೋಡಿಲ್ಲವೇ? 'ಭೀಷ್ಮ ವಿಜಯ' ಪ್ರಸಂಗ ಅಂದರೆ ಸಾಲ್ವ ಅಂಬೆಯನ್ನು ವಾಪಸ್ ಕಳಿಸುತ್ತಾನೆ, ಭೀಷ್ಮ ಕೈಹಿಡಿಯುವುದಿಲ್ಲ, ಇದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ಕಂಬಳಿ ಹೊದ್ದು ಬೆಳಗಿನ ಜಾವದವರೆಗೆ ಕೂರುತ್ತೇವೆ. ಇವತ್ತಿನ ಅಂಬೆ ಭೀಷ್ಮನ ಎದುರು ನಿಂತು ಏನು ಕೇಳುತ್ತಾಳೆ, ಆತ ಏನು ಉತ್ತರ ಕೊಡುತ್ತಾನೆ ಅನ್ನೋದಕ್ಕೆ. ಕಥೆ ಎಲ್ಲಿ ಮುಟ್ಟುತ್ತದೆ ಅಂತ ಗೊತ್ತಿರುವುದರಿಂದಲೇ ನಡುವಿನ ಒಂದೊಂದು ಮಾತೂ ಕಿವಿಗೆ ಬೀಳುತ್ತದೆ.

ನೀವು ಓದಿದ ಕಾದಂಬರಿಯಲ್ಲೂ ಹೀಗೇ ಆಗಿರಬೇಕು. ಹಳೇ ಕಥೆಯಲ್ಲಿ "ಮೂರು ತಿಂಗಳು ಕಳೆಯಿತು" ಅಂತ ಒಂದೇ ಸಾಲಿನಲ್ಲಿ ಹೋಗಿಬಿಡುತ್ತದೆ. ಆ ಮೂರು ತಿಂಗಳು ಊಟದ ಮೇಜಿನ ಆಚೆ ಈಚೆ ಕೂತು ಇಬ್ಬರೂ ಏನು ಮಾತಾಡಿದರು, ಯಾವತ್ತು ಅವಳಿಗೆ ಮೊದಲ ಸಲ ಹೆದರಿಕೆ ಆಗಲಿಲ್ಲ, ಯಾವತ್ತು ಅವನ ಹೆಜ್ಜೆ ಸದ್ದಿಗೆ ಕಾಯತೊಡಗಿದಳು, ಇದೆಲ್ಲ ಕಾದಂಬರಿಯಲ್ಲಿ ನಿಧಾನಕ್ಕೆ ಬರುತ್ತದೆ. ನಿಮಗೆ ಕಣ್ಣೀರು ಬಂದಿದ್ದು ಅವನು ರಾಜಕುಮಾರ ಆದ ಅಂತ ಅಲ್ಲ ಅನ್ನಿಸುತ್ತದೆ ನನಗೆ. ಬಹುಶಃ ಅದಕ್ಕೂ ಸ್ವಲ್ಪ ಮೊದಲೇ, ಅಪ್ಪನನ್ನು ನೋಡಲು ಹೋದವಳು ತಡವಾಗಿ ವಾಪಸ್ ಬಂದು ಅವನನ್ನು ತೋಟದಲ್ಲಿ ಹುಡುಕುವಾಗ ಬಂದಿರಬೇಕು. ನನಗೆ ಯಾವಾಗಲೂ ಅಲ್ಲೇ ಬರುವುದು.

ನಾನು ಚಿಕ್ಕವಳಿದ್ದಾಗ ಸಾಗರದ ಕಡೆಯ ಅಜ್ಜನ ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಹೆಂಗಸರೆಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಿದ್ದರು. ನಿದ್ದೆ ಬರಬಾರದಲ್ಲ, ಅದಕ್ಕೆ ಕಥೆ. ಅದೇ ಕಥೆ, ಪ್ರತಿ ವರ್ಷ. ಯಾರಾದರೂ ಒಂದು ಜಾಗ ಬಿಟ್ಟರೆ ಇನ್ನೊಬ್ಬರು "ಅಲ್ಲಲ್ಲ, ಅವಳು ಆಗ ಹಾಗಂದ್ಲು" ಅಂತ ಸೇರಿಸುತ್ತಿದ್ದರು. ಹೆಚ್ಚಿನವು ಮದುವೆಯ ಕಥೆಗಳು. ಕೇಳುತ್ತಿದ್ದವರೆಲ್ಲ ಮೂವತ್ತು, ನಲವತ್ತು, ಅರವತ್ತರ ಹೆಂಗಸರು. ಮಕ್ಕಳಾದ ನಾವು ಮೂಲೆಯಲ್ಲಿ ಕೂತು ಕದ್ದು ಕೇಳುತ್ತಿದ್ದೆವು.

ಎ.ಕೆ. ರಾಮಾನುಜನ್ ಕನ್ನಡದಲ್ಲಿ ಹೀಗೆ ಹೇಳುವ ಕಥೆಗಳನ್ನು ಕೂಡಿಸಿ ಇಂಗ್ಲಿಷಿಗೆ ಕೊಟ್ಟರು. ಅದರಲ್ಲಿ 'ಹಂಚಿ' ಅಂತ ಒಂದಿದೆ. ಚಿನ್ನದ ಕೂದಲಿನ ಹುಡುಗಿ ಮಣ್ಣಿನ ಮುಖವಾಡ ಹಾಕಿಕೊಂಡು, ರೂಪ ಮರೆಸಿ, ಸಾಹುಕಾರನ ಮನೆಯಲ್ಲಿ ಕೆಲಸಕ್ಕಿರುತ್ತಾಳೆ. ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಒಂದು ದಿನ ಮುಖವಾಡ ತೆಗೆದು ಸ್ನಾನ ಮಾಡುವಾಗ ಆ ಮನೆಯ ಹುಡುಗ ನೋಡಿಬಿಡುತ್ತಾನೆ. ರಾಮಾನುಜನ್ ಅವಳನ್ನು ಕನ್ನಡದ ಸಿಂಡ್ರೆಲಾ ಎಂದೇ ಕರೆದರು. ಅವರು ಹೇಳಿದ ಜನಪದ ಕಥೆಗಳಿಂದಲೇ ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕ ಹುಟ್ಟಿದ್ದು. ಅದರಲ್ಲೂ ಗಂಡನ ರೂಪದಲ್ಲಿ ರಾತ್ರಿ ಬರುವುದು ಒಂದು ಹಾವು. ಅದನ್ನು ಯಾರೂ ಮಕ್ಕಳ ಕಥೆ ಅನ್ನುವುದಿಲ್ಲ. ಮುಂದಿನ ಸಲ ನಿಮ್ಮನೆಯವರಿಗೆ ಇಷ್ಟು ಹೇಳಿ, ಆಮೇಲೆ ಆ ಪುಸ್ತಕವನ್ನೇ ಅವರ ಕೈಗೆ ಕೊಡಿ.

ಪ್ರಶ್ನೆ: ಮೇಡಂ, ನನ್ನ ಮಗಳು ಮೊದಲ ಪಿಯುಸಿ. ಇಡೀ ದಿನ ಇಂಥದ್ದೇ ಇಂಗ್ಲಿಷ್ ಪ್ರೇಮ ಕಾದಂಬರಿಗಳು, ಎಲ್ಲಾ ಹಳೇ ರಾಜಕುಮಾರಿ ಕಥೆಗಳ ಮೇಲೆ ಬರೆದವು. ತಲೆ ಕೆಡುತ್ತದೆ ಅಂತ ಭಯ. ಕಿತ್ತು ಇಡಬೇಕಾ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಕಿತ್ತಿಡಬೇಡಿ. ಕಿತ್ತಿಟ್ಟರೆ ಅವಳು ಫೋನಿನಲ್ಲಿ ಓದುತ್ತಾಳೆ, ನಿಮಗೆ ಹೇಳುವುದನ್ನು ಮಾತ್ರ ಬಿಡುತ್ತಾಳೆ. ಬದಲಿಗೆ ಒಂದು ಪುಸ್ತಕ ಕೇಳಿ ತಗೊಂಡು ನೀವೂ ಓದಿ.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ. 'ಯಂಗ್ ಅಡಲ್ಟ್' ಅಂದರೆ ಹೆಚ್ಚುಕಡಿಮೆ 12ರಿಂದ 18ರವರಿಗೆ ಬರೆದದ್ದು. ಆದರೆ ಇವೇ ರಾಜಕುಮಾರಿ ಕಥೆಗಳ ಮೇಲೆ ಪೂರ್ತಿ ದೊಡ್ಡವರಿಗಾಗಿ ಬರೆದ ಕಾದಂಬರಿಗಳೂ ಇವೆ. ರಕ್ಷಾಪುಟ ನೋಡಿದರೆ ಎರಡೂ ಒಂದೇ ಥರ, ಅದೇ ಗುಲಾಬಿ, ಅದೇ ಕಿರೀಟ. ಅಂಗಡಿಯವರೂ ಒಟ್ಟಿಗೇ ಇಡುತ್ತಾರೆ. ಹಾಗಾಗಿ ಬೆನ್ನುಪುಟ ನೋಡಿ, ಪ್ರಕಾಶಕರು ಯಾವ ವಯಸ್ಸಿಗೆ ಅಂತ ಹಾಕಿದ್ದಾರೆ ನೋಡಿ.

ಇನ್ನು ಪ್ರೀತಿಯ ವಿಷಯ. ಮಗಳ ಜೊತೆ ಮಾತಾಡಲು ಇದಕ್ಕಿಂತ ಒಳ್ಳೇ ದಾರಿ ನನಗೆ ಗೊತ್ತಿಲ್ಲ. "ಅವನು ಅವಳನ್ನು ಅರಮನೆಯಲ್ಲಿ ಕೂಡಿಹಾಕಿದ್ದು ಪ್ರೀತಿನಾ?" ಅಂತ ಕೇಳಿ ನೋಡಿ. ಅವಳೇ ಬಿಸಿಬಿಸಿ ವಾದ ಮಾಡುತ್ತಾಳೆ. ಬೋಮೋಂ ಬರೆದ ಕಥೆಯಲ್ಲಿ ಮೃಗ ದಿನಾ ರಾತ್ರಿ ಕೇಳುತ್ತಾನೆ, ಅವಳು ದಿನಾ ಆಗಲ್ಲ ಅನ್ನುತ್ತಾಳೆ, ಅವನು ನಿಟ್ಟುಸಿರು ಬಿಟ್ಟು ಎದ್ದು ಹೋಗುತ್ತಾನೆ. ಒಂದು ದಿನವೂ ಕೈ ಹಿಡಿದು ಎಳೆಯುವುದಿಲ್ಲ. ತಂದೆಯನ್ನು ನೋಡಬೇಕು ಅಂದಾಗ, ಅವಳು ಬರದೇ ಹೋದರೆ ತಾನು ಸಾಯುತ್ತೇನೆ ಅಂತ ಗೊತ್ತಿದ್ದೂ ಕಳಿಸುತ್ತಾನೆ. ಅವಳು ವಾಪಸ್ ಬಂದಿದ್ದು ಬಿಟ್ಟು ಕಳಿಸಿದ್ದಕ್ಕೇ. ಹೊಸ ಕಾದಂಬರಿಗಳಲ್ಲಿ ಒಳ್ಳೆಯವು ಈ ಜಾಗವನ್ನು ಜೋಪಾನವಾಗಿ ಬರೆಯುತ್ತವೆ. ಕೆಲವು ಹುಡುಗನ ಸಿಟ್ಟು, ದಬ್ಬಾಳಿಕೆಯನ್ನೇ ಪ್ರೀತಿ ಅಂತ ತೋರಿಸುತ್ತವೆ, ಅವು ನನಗೆ ಹಿಡಿಸುವುದಿಲ್ಲ. ಈ ವ್ಯತ್ಯಾಸ ನಿಮ್ಮ ಮಗಳಿಗೆ ಹದಿನಾರಕ್ಕೇ ಪುಸ್ತಕದಲ್ಲಿ ಗೊತ್ತಾಗಲಿ. ಇಲ್ಲದಿದ್ದರೆ ಇಪ್ಪತ್ತಾರಕ್ಕೆ ಬದುಕಿನಲ್ಲಿ ಗೊತ್ತಾಗಬೇಕಾಗುತ್ತದೆ.

ಪ್ರಶ್ನೆ: ಅಕ್ಕಾ, ನಾನು ಹುಡುಗ, ಬಿ.ಎ. ಎರಡನೇ ವರ್ಷ. ಇಂಥ ಕಾದಂಬರಿಗಳು ನಂಗೆ ಭಾಳ ಇಷ್ಟ. ನಮ್ಮ ಊರಲ್ಲೇ ನಡೆಯುವ ಹಾಗೆ ಕನ್ನಡದಲ್ಲಿ ಒಂದು ಬರೆಯೋ ಆಸೆ. ಹೊರಗಿನ ಕಥೆ ತಂದರೆ ಕದ್ದ ಹಾಗೆ ಆಗುತ್ತಾ?
— ತೀರ್ಥಹಳ್ಳಿ

ಉತ್ತರ: ತೀರ್ಥಹಳ್ಳಿಯಲ್ಲಿ ಕೂತು ಈ ಪ್ರಶ್ನೆ ಕೇಳ್ತೀಯಲ್ಲಪ್ಪ! ನಿಮ್ಮ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ಕಿಂದರಿಜೋಗಿ ಬಂದಿದ್ದು ಎಲ್ಲಿಂದ? ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳ ಕಥೆ, ಬ್ರೌನಿಂಗ್ ಅದನ್ನು ಇಂಗ್ಲಿಷ್ ಪದ್ಯ ಮಾಡಿದರು. ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದು ಬೊಮ್ಮನಹಳ್ಳಿ ಅಂತ ಹೆಸರಿಟ್ಟರು. ಈಗ ಕನ್ನಡದ ಮಕ್ಕಳಿಗೆ ಅದು ನಮ್ಮದೇ.

ಹಳೇ ಜನಪದ ಕಥೆ ಯಾರೊಬ್ಬರದೂ ಅಲ್ಲ, ಧೈರ್ಯವಾಗಿ ತಗೋ. ಇತ್ತೀಚೆಗೆ ಒಬ್ಬರು ಬರೆದ ಕಾದಂಬರಿಯ ಪಾತ್ರ, ತಿರುವು ಮಾತ್ರ ಎತ್ತಬೇಡ, ಅದು ಕಳವೇ. ಆಮೇಲೆ ಊರಿನ ಹೆಸರು ಬದಲಾಯಿಸಿದರೆ ಸಾಲದು. ಅರಮನೆ ಬೇಕಾ? ಕವಲೇದುರ್ಗಕ್ಕೆ ಹೋಗು, ಕೆಳದಿ ನಾಯಕರ ಕೋಟೆ ಪಾಚಿ ಹಿಡಿದು ನಿಂತಿದೆ. ಮಳೆಗಾಲದಲ್ಲಿ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ ಹೋಗು. ಗುಲಾಬಿಯ ಬದಲು ಅಪ್ಪ ಮಗಳಿಗೆ ಏನು ಕಿತ್ತು ತರುತ್ತಾನೆ ಅಂತ ಯೋಚಿಸು. ನನಗಾದರೆ ಸುರಗಿ ಹೂವು. ಒಣಗಿದರೂ ಪರಿಮಳ ಹೋಗುವುದಿಲ್ಲ, ಅಪ್ಪ ವಾಪಸ್ ಮನೆ ಮುಟ್ಟುವ ಹೊತ್ತಿಗೂ ಇರುತ್ತದೆ. ಮೊದಲ ಅಧ್ಯಾಯ ಆದ ಕೂಡಲೇ ಕಳಿಸು, ನಾನು ಓದುತ್ತೇನೆ.