ಫಂಗಸ್ ಸೋಂಕಿನ ಔಷಧಿಗಳು ಅದರ ಕೋಶಗೋಡೆಗೇ ಯಾಕೆ ಗುರಿ ಇಡುತ್ತವೆ?

ಫಂಗಸ್‌ನ ಜೀವಕೋಶ ಒಳಗಿನಿಂದ ನಮ್ಮದನ್ನೇ ತುಂಬಾ ಹೋಲುತ್ತದೆ. ಅದಕ್ಕೆ ವಿಷವಾದದ್ದು ನಮಗೂ ವಿಷವಾಗಬಹುದು. ಆದರೆ ಅದರ ಸುತ್ತ ಗ್ಲೂಕನ್, ಕೈಟಿನ್ ಎಂಬ ಸಕ್ಕರೆ ಸರಪಳಿಗಳ ಗಟ್ಟಿ ಗೋಡೆ ಇದೆ. ನಮ್ಮ ಕೋಶಗಳಿಗೆ ಗೋಡೆಯೇ ಇಲ್ಲ. ಹಾಗಾಗಿ ಪೆಟ್ಟು ಅಲ್ಲಿಗೇ ಬೀಳಬೇಕು, ಅಲ್ವಾ?

2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾಸ್ಪೊಫಂಜಿನ್ ಎಂಬ ಔಷಧಿ ಇದನ್ನೇ ಮಾಡುತ್ತದೆ. ಗ್ಲೂಕನ್ ತಯಾರಿಸುವ ಕಿಣ್ವವನ್ನು ತಡೆಯುತ್ತದೆ. ಗೋಡೆ ಸಡಿಲವಾಗಿ ಕ್ಯಾಂಡಿಡಾ ಎಂಬ ಫಂಗಸ್‌ನ ಕೋಶ ಒಡೆಯುತ್ತದೆ. ತೊಂದರೆ ಏನೆಂದರೆ, ಅದನ್ನು ರಕ್ತನಾಳಕ್ಕೇ ಕೊಡಬೇಕು. ಕಿಣ್ವದ ಜೀನ್ ಸ್ವಲ್ಪ ಬದಲಾದರೂ ಔಷಧಿ ನಾಟದೆ ಹೋಗಬಹುದು. 2021ರಲ್ಲಿ ಬಂದ ಐಬ್ರೆಕ್ಸಾಫಂಜರ್ಪ್ ಆದರೆ ನುಂಗುವ ಮಾತ್ರೆ. ಅದೇ ಕಿಣ್ವಕ್ಕೆ ಸ್ವಲ್ಪ ಬೇರೆ ಜಾಗದಲ್ಲಿ ಅಂಟುತ್ತದೆ.

ನನಗೆ ಜಾಸ್ತಿ ಭರವಸೆ ಇರುವುದು ಫೋಸ್ಮನೊಜೆಪಿಕ್ಸ್ ಎಂಬ ಇನ್ನೊಂದು ಔಷಧಿಯ ಮೇಲೆ. ಅದು ಗೋಡೆಗೆ ಪ್ರೋಟೀನ್‌ಗಳು ಅಂಟಿಕೊಳ್ಳುವುದನ್ನೇ ತಡೆಯುತ್ತದೆ. ದಾರಿಯೇ ಬೇರೆಯಾದ್ದರಿಂದ, ಹಳೆಯ ಔಷಧಿಗೆ ಬಗ್ಗದ ಕ್ಯಾಂಡಿಡಾ ಆರಿಸ್ ಎಂಬ ಜಾತಿಯ ಮೇಲೂ ಪ್ರಯೋಗಾಲಯದಲ್ಲಿ ಕೆಲಸ ಮಾಡಿದೆ.