ಗಾಡಿಯೊಳಗೆ ಮಾರ್ಟರ್ ಯಾಕೆ?

ಪ್ರಶ್ನೆ: ಬೀದರ್ ಕೋಟೆಯ ಬುರುಜಿನ ಮೇಲಿನ ತೋಪು ನೋಡುವಾಗ ಮಗ ಕೇಳಿದ, ಸೈನ್ಯದವರು ಗಾಡಿಯೊಳಗೇ ಮಾರ್ಟರ್ ಅನ್ನೋ ಗಿಡ್ಡ ತೋಪು ಇಟ್ಟು ಹೊಡೀತಾರಂತೆ, ಗಾಡಿ ಒಡೆಯಲ್ವಾ ಅಂತ. ನನಗೆ ಉತ್ತರ ಹೊಳೆಯಲಿಲ್ಲ.
- ಓದುಗರೊಬ್ಬರು, ಬೀದರ್

ಉತ್ತರ: ಒಡೆಯಲ್ಲ ಸರ್. ಟ್ಯಾಂಕಿನ ತೋಪು ನೇರಕ್ಕೆ ಹೊಡೆಯುತ್ತದೆ, ಒದೆತ ಹಿಂದಕ್ಕೆ. ಮಾರ್ಟರ್ ನಳಿಗೆ ಆಕಾಶಕ್ಕೆ ಮುಖ ಮಾಡಿರುತ್ತದೆ, ಹಾಗಾಗಿ ಒದೆತ ಜಾಸ್ತಿ ಬೀಳುವುದು ಗಾಡಿಯ ತಳಕ್ಕೆ. ಆ ತಳವನ್ನು ಗಟ್ಟಿ ಮಾಡಿ, ಮೇಲಿನ ಬಾಗಿಲು ತೆರೆದು, ಒಳಗಿಂದಲೇ ಹೊಡೆಯುತ್ತಾರೆ. ಸೈನಿಕರನ್ನು ಹೊರುವ ಅಮೆರಿಕದ ಎಂ113 ಕವಚದ ಗಾಡಿಯಿಂದ ಹುಟ್ಟಿದ ಎಂ125ರಲ್ಲಿ 81 ಮಿ.ಮೀ. (ನಳಿಗೆಯ ಒಳ ಅಗಲ) ಮಾರ್ಟರ್, ಎಂ106ರಲ್ಲಿ 107 ಮಿ.ಮೀ.ನದು. ನಮ್ಮ ಸೈನ್ಯದ್ದು ಬಿಎಂಪಿ-2 'ಸಾರಥ್' ಎಂಬ ಕವಚದ ಗಾಡಿಯ ಮೇಲೆ ಕಟ್ಟಿದ 81 ಮಿ.ಮೀ. ಮಾರ್ಟರ್, ಸುಮಾರು 5 ಕಿ.ಮೀ. ದೂರ ಹೊಡೆಯುತ್ತದೆ. ಸಾರಥ್ ತಯಾರಾಗುವುದು ನಿಮ್ಮ ಪಕ್ಕದಲ್ಲೇ, ಸಂಗಾರೆಡ್ಡಿ ಜಿಲ್ಲೆಯ ಕಾರ್ಖಾನೆಯಲ್ಲಿ!

ಇಷ್ಟೆಲ್ಲ ಯಾಕೆ ಅಂದ್ರೆ, ನಾಲ್ಕು ಶೆಲ್ ಹಾರಿಸಿದರೆ ಸಾಕು, ಅವು ಬಂದ ದಾರಿಯನ್ನು ಶತ್ರುವಿನ ರಾಡಾರ್ ಲೆಕ್ಕ ಹಾಕಿ ಜಾಗ ಹಿಡಿದುಬಿಡುತ್ತದೆ. ಆಮೇಲೆ ಅಲ್ಲೇ ಕೂತಿರುವಂತಿಲ್ಲ. ನೆಲದ ಮೇಲಿನ ಮಾರ್ಟರನ್ನು ಬಿಚ್ಚಿ ಹೊರಬೇಕು. ಮಳೆಗಾಲದ ಕಲಬುರಗಿ ಎರೆ ಹೊಲದಲ್ಲಿ ಅದರ ತಳದ ಪ್ಲೇಟು ಹೂತುಹೋದರೆ ಕೀಳುವುದು ಹೇಗೆ, ಸುಮ್ನೆ ಊಹಿಸಿ ನೋಡಿ! ಗಾಡಿಯಾದರೆ ಗೇರ್ ಹಾಕಿ ಹೊರಟರಾಯಿತು.